ನೃತ್ಯದ ಚಿತ್ರೀಕರಣದಲ್ಲಿ ಕಾಲೂ ಕಾಣಲಿ

ಮಾನ್ಯ ಸಂಪಾದಕರೇ,

ಇತ್ತೀಚೆಗೆ ನಗರದ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ನನ್ನ ಮೊಮ್ಮಗಳು ಭರತನಾಟ್ಯ ಮಾಡಿದಳು. ಅದರ ವಿಡಿಯೊ ತರಿಸಿ ನೋಡಿದರೆ ಅತಿಥಿಗಳ ಶಾಲು, ವೇದಿಕೆಯ ಹೂಕುಂಡ, ಮಗುವಿನ ಮುಖ ಎಲ್ಲವೂ ಇವೆ; ಗೆಜ್ಜೆ ಕಟ್ಟಿದ ಕಾಲು ಮಾತ್ರ ಎಲ್ಲಿಯೂ ಇಲ್ಲ.

ಅಂದು ರಾತ್ರಿ, ಮನಸ್ಸಿನ ಸಮಾಧಾನಕ್ಕೆಂದು, 1940ರ ‘ಬ್ರಾಡ್‌ವೇ ಮೆಲೊಡಿ’ ಎಂಬ ಹಾಲಿವುಡ್ ಚಿತ್ರದಲ್ಲಿ ನರ್ತಕರಾದ ಫ್ರೆಡ್ ಆಸ್ಟೇರ್ ಮತ್ತು ಎಲಿನಾರ್ ಪವೆಲ್ ಜೊತೆಯಾಗಿ ಕುಣಿದ ‘ಬಿಗಿನ್ ದ ಬಿಗೀನ್’ ನೃತ್ಯವನ್ನು ಮತ್ತೆ ನೋಡಿದೆ. ಕೋಲ್ ಪೋರ್ಟರ್ ರಾಗ ಸಂಯೋಜಿಸಿದ ಹಾಡದು. ಕನ್ನಡಿಯಂತೆ ಹೊಳೆಯುವ ನೆಲದ ಮೇಲೆ ಇಬ್ಬರೂ ಅಕ್ಕಪಕ್ಕ ನಿಂತು ಹೆಜ್ಜೆ ಹಾಕುತ್ತಾರೆ. ನಡುವೆ ವಾದ್ಯಗಳೆಲ್ಲ ಸುಮ್ಮನಾಗಿ, ಬೂಟಿನ ಸದ್ದೊಂದೇ ಉಳಿದು, ನಮ್ಮ ತಬಲಾ ಜುಗಲ್‌ಬಂದಿಯ ಸವಾಲ್‌–ಜವಾಬಿನಂತೆ ಕಾಲಿಗೆ ಕಾಲು ಉತ್ತರ ಕೊಡುತ್ತದೆ. ಕೊನೆಯ ಸುತ್ತಿನಲ್ಲಿ ಪವೆಲ್ ಗಕ್ಕನೆ ನಿಂತರೂ ಅವರ ಲಂಗದ ನೆರಿಗೆ ಇನ್ನೂ ತಿರುಗುತ್ತಲೇ ಇರುತ್ತದೆ. ಬೂಟಿನಿಂದ ನೆಲ ಕುಟ್ಟುವ ಈ ‘ಟ್ಯಾಪ್’ ನೃತ್ಯದ ಸದ್ದನ್ನು ಆಗೆಲ್ಲ ಸಾಮಾನ್ಯವಾಗಿ ಆಮೇಲೆ ಬೇರೆಯಾಗಿ ಮುದ್ರಿಸಿ ಸೇರಿಸುತ್ತಿದ್ದರೆಂದು ತಿಳಿದ ಮೇಲೂ ನನ್ನ ಬೆರಗು ತಗ್ಗಿಲ್ಲ. ಪರದೆ ನೋಡುತ್ತ ಅದೇ ಲಯವನ್ನು ಮತ್ತೊಮ್ಮೆ ಹಿಡಿಯುವುದು ಸಣ್ಣ ಮಾತೇ? ಇಂಥ ಜೋಡಿ ಒಟ್ಟಿಗೆ ನಟಿಸಿದ್ದು ಇದೊಂದೇ ಚಿತ್ರದಲ್ಲಿ.

ಈ ಸೊಗಸಿನಲ್ಲಿ ಕ್ಯಾಮೆರಾದ ಸಂಯಮಕ್ಕೂ ಪಾಲಿದೆ. ನರ್ತಕರ ದೇಹ ತಲೆಯಿಂದ ಪಾದದವರೆಗೆ ಚೌಕಟ್ಟಿನೊಳಗಿರಬೇಕು, ಕತ್ತರಿ ಕಡಿಮೆ ಆಡಬೇಕು ಎಂಬುದು ಆಸ್ಟೇರ್ ಅವರ ಹಟವಾಗಿತ್ತು. ಈಗಿನ ಸಿನಿಮಾ ಹಾಡುಗಳಲ್ಲಿ ಹೆಜ್ಜೆಯೊಂದು ಮುಗಿಯುವ ಮೊದಲೇ ದೃಶ್ಯ ಮೂರು ಸಲ ಬದಲಾಗಿರುತ್ತದೆ. ಕುಣಿದದ್ದು ನಟನೋ ಸಂಕಲನಕಾರನೋ ತಿಳಿಯುವುದಿಲ್ಲ.

ಹಾಲಿವುಡ್ ನಮಗೆ ದೂರವೆನ್ನುವವರಿಗೆ ಒಂದು ಮಾತು: ಈ ಚಿತ್ರ ತಯಾರಿಸಿದ ಎಂಜಿಎಂ ಕಂಪನಿಯ ಸಿನಿಮಾಗಳಿಗೆ ಮುಂಬೈಯಲ್ಲಿ ಪ್ರಚಾರ ಫಲಕ ಬರೆದವರಲ್ಲಿ ನಮ್ಮ ಕಲಬುರಗಿಯ ಚಿತ್ರಕಲಾವಿದ ಎಸ್.ಎಂ. ಪಂಡಿತರೂ ಒಬ್ಬರು.

ಮೊಹರಂನಲ್ಲಿ ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಸುತ್ತ ಹೆಜ್ಜೆ ಹಾಕುವವರನ್ನು ನಮ್ಮ ಭಾಗದ ಜನ ನೋಡುವುದು ಕಾಲಿನಿಂದಲೇ. ಒಬ್ಬನ ಹೆಜ್ಜೆ ತಪ್ಪಿದರೂ ಅಂಚಿನಲ್ಲಿ ಕುಳಿತ ಮುದುಕರು ಗದರುತ್ತಾರೆ. ಆದ್ದರಿಂದ ಶಾಲೆ, ಜಾತ್ರೆ, ಉತ್ಸವಗಳಲ್ಲಿ ನೃತ್ಯ ಚಿತ್ರೀಕರಿಸುವ ನಮ್ಮ ಛಾಯಾಗ್ರಾಹಕ ಮಿತ್ರರು ಎರಡು ಮಾರು ಹಿಂದೆ ಸರಿದು, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಮಕ್ಕಳ ಪಾದಗಳನ್ನೂ ಸೇರಿಸಿಕೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಅತಿಥಿಗಳ ಸನ್ಮಾನವನ್ನು ಆಮೇಲೆ ತೆಗೆದರಾಯಿತು.

ಇತಿ,
ತಮ್ಮ ಓದುಗ
ಬ್ರಹ್ಮಪುರ, ಕಲಬುರಗಿ