ಮಗಳಿಗೊಂದು ಪತ್ರ: ಘಟಿಕೋತ್ಸವದ ಊಟಕ್ಕೆ ಮನೆಯಲ್ಲೇ ಕರೆಯೋಲೆ

ಮೈಸೂರು

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಕರೆಯೋಲೆ ಮನೆಯಲ್ಲೇ ಮಾಡೋಣ ಅಂದಿದ್ದೀಯ, ಸರಿ. ಚಿತ್ರ, ಬಣ್ಣ ಆಮೇಲೆ ನೋಡು. ಮೊದಲು ಅಳತೆ ತೀರ್ಮಾನವಾಗಲಿ. ಕೈಯಲ್ಲಿ ಮಾಡಿದ ಪತ್ರಿಕೆ ಕೆಡೋದು ಹೆಚ್ಚಾಗಿ ಮಡಿಕೆಯಲ್ಲಿ.

ಕಾಗದಕ್ಕೆ ನಾರಿನ ದಿಕ್ಕು ಅಂತ ಒಂದಿರುತ್ತೆ. ಎ4 ಹಾಳೆಯಲ್ಲಿ ಅದು ಸಾಮಾನ್ಯವಾಗಿ ಉದ್ದಕ್ಕೆ, 297 ಮಿ.ಮೀ. ಬದಿಯ ಜೊತೆಗೆ ಹೋಗುತ್ತೆ. ಇಡೀ ಹಾಳೆಯನ್ನೇ ಅರ್ಧಕ್ಕೆ ಮಡಿಚಿದರೆ ನಾರು ಅಡ್ಡಡ್ಡ ಮುರಿದು, ಮಡಿಕೆ ಬಿರಿದು ಬೆಳ್ಳಗೆ ಕಾಣುತ್ತೆ. ಅದೇ ಹಾಳೆಯನ್ನು ಅಡ್ಡಲಾಗಿ ಕತ್ತರಿಸಿ 148×210ರ ಎರಡು ತುಂಡು ಮಾಡಿ, ಒಂದೊಂದನ್ನೂ 105×148ಕ್ಕೆ ಮಡಿಚಿದರೆ ಮಡಿಕೆ ನಾರಿನ ಜೊತೆಗೇ ಬರುತ್ತೆ, ಬಿರಿಯೋಲ್ಲ. ಇದಕ್ಕೆ ಸಿ6 ಕವರ್ ಸರಿಹೋಗುತ್ತೆ, 114×162. ಅಂಗಡಿಯಲ್ಲಿ ಹಾಳೆಯನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಮೆಲ್ಲಗೆ ಬಗ್ಗಿಸಿ ನೋಡು. ಯಾವ ಕಡೆ ಸುಲಭವಾಗಿ ಬಗ್ಗುತ್ತೋ ಆ ಮಡಿಕೆಯ ಗುಂಟ ನಾರಿದೆ ಅಂತ ತಿಳಿ.

ಅಮ್ಮನ ಪಟ್ಟಿಯಲ್ಲಿ 40 ಮನೆ ಇದೆ. ಕೆಟ್ಟುಹೋಗೋದಕ್ಕೆ, ಕೊನೇಲಿ ನೆನಪಾಗುವವರಿಗೆ ಅಂತ 6 ಸೇರಿಸು. ಹಾಳೆಗೆ ಎರಡರಂತೆ 23 ಹಾಳೆ. ಟ್ರಯಲ್‌ಗೂ ಸೇರಿ 30 ತಗೋ. ದಪ್ಪ 200ರಿಂದ 220 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಸಾಕು. 300 ಚೆನ್ನಾಗಿ ಕಾಣುತ್ತೆ ನಿಜ, ಆದರೆ ಮಾಮೂಲಿ ಪ್ರಿಂಟರ್‌ನಲ್ಲಿ ರೋಲರ್ ಸುತ್ತಿ ಬರುವಾಗ ಸಿಕ್ಕಿಕೊಳ್ಳುತ್ತೆ. ತರಿತರಿಯಾದ ಹ್ಯಾಂಡ್‌ಮೇಡ್ ಕಾಗದ ಬೇಡ. ಲೇಸರ್ ಪ್ರಿಂಟರ್‌ನ ಪುಡಿ ಇಂಕ್ (ಟೋನರ್) ಅದರ ತಗ್ಗುಗಳಲ್ಲಿ ಹಿಡಿಯದೆ ಅಕ್ಷರ ಹರುಕುಮುರುಕಾಗುತ್ತೆ. ಅಷ್ಟು ಆಸೆಯಿದ್ದರೆ ಅದನ್ನು ಕವರ್‌ಗೆ ಇಟ್ಟುಕೋ.

ಫೈಲನ್ನು ಪಿಡಿಎಫ್ ಮಾಡಿಯೇ ಜೆರಾಕ್ಸ್ ಅಂಗಡಿಗೆ ಒಯ್ಯಿ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಯೂನಿಕೋಡ್ ಆದರೂ ಡಿಸೈನ್ ಸಾಫ್ಟ್‌ವೇರ್ ಒತ್ತಕ್ಷರವನ್ನು ಕೆಳಗಿಡದೆ ಪಕ್ಕಕ್ಕೆ ನೂಕೋದುಂಟು. 'ಕಾರ್ಯಕ್ರಮ', 'ಸ್ನಾತಕೋತ್ತರ', 'ವಿಶ್ವವಿದ್ಯಾಲಯ' ಈ ಮೂರನ್ನು ಹಿಗ್ಗಿಸಿ ನೋಡು, ಇವು ಸರಿಯಿದ್ದರೆ ಮಿಕ್ಕವೂ ಹೆಚ್ಚುಕಡಿಮೆ ಸರಿಯಿರುತ್ತವೆ. ಅಕ್ಷರ 12 ಪಾಯಿಂಟ್, ಸಾಲುಗಳ ಅಂತರ ಅದರ ಒಂದೂವರೆಯಷ್ಟು. ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ.

ಹಾಳೆಯನ್ನು ನಿಲ್ಲಿಸಿಟ್ಟು, ಮೇಲೊಂದು ಕೆಳಗೊಂದು ಕಾರ್ಡ್ ಕೂರಿಸು. ಹೊರಮೈಯಲ್ಲಿ ಬಲ ಅರ್ಧವೇ ಮುಖಪುಟ. ಎರಡೂ ಕಡೆ ಪ್ರಿಂಟ್ ಮಾಡುವಾಗ ಉದ್ದದ ಅಂಚಿನ ಮೇಲೆ ತಿರುಗಿಸು ಅನ್ನೋ ಆಯ್ಕೆ ಇರಲಿ. ಅಗಲದ ಅಂಚು ಕೊಟ್ಟರೆ ಒಳಗಿನ ಬರಹ ತಲೆಕೆಳಗಾಗುತ್ತೆ. ಮೊದಲು 70 ಜಿಎಸ್‌ಎಂ ಮಾಮೂಲಿ ಹಾಳೆಯಲ್ಲಿ ಒಂದು ತೆಗೆದು ಮಡಿಚಿ ನೋಡು. ಅಂಚಿಗೆ ಹತ್ತಿರ ಬಾರ್ಡರ್ ಹಾಕಬೇಡ. ಪ್ರಿಂಟರ್ 1 ಮಿ.ಮೀ. ಸರಿದರೂ ಎದ್ದು ಕಾಣುತ್ತೆ, 10 ಮಿ.ಮೀ. ಒಳಗಿದ್ದರೆ ಯಾರಿಗೂ ಗೊತ್ತಾಗೋಲ್ಲ. ಗಾಢ ಬಣ್ಣವನ್ನು ಮಡಿಕೆಗೆ 3 ಮಿ.ಮೀ. ಇರುವಾಗಲೇ ನಿಲ್ಲಿಸು.

ಇನ್ನು ಮಡಿಚೋದು. ಇಂಕ್ ಮುಗಿದ ಬಾಲ್‌ಪೆನ್, ಸ್ಟೀಲ್ ಸ್ಕೇಲ್, ಕೆಳಗೆ ನಾಲ್ಕು ಮಡಿಕೆ ದಿನಪತ್ರಿಕೆ. ಮುಖಪುಟದ ಕಡೆಯಿಂದ ನಡುಗೆರೆಯನ್ನು ಎರಡು ಸಲ ಒತ್ತಿ ಎಳಿ. ಈ ಕಡೆ ಗೀರು, ಆ ಕಡೆ ಸಣ್ಣ ಉಬ್ಬು ಬರುತ್ತೆ. ಉಬ್ಬು ಒಳಗೆ ಬರುವ ಹಾಗೆ ಮಡಿಚಬೇಕು, ಎಷ್ಟೋ ಜನ ತಿರುಗಾಮುರುಗಾ ಮಡಿಚಿ ಕಾಗದಕ್ಕೆ ಬೈತಾರೆ. ಮೇಲೊಂದು ಬಿಳಿ ಕಾಗದ ಇಟ್ಟು ಚಮಚದ ಬೆನ್ನಿನಿಂದ ಉಜ್ಜು. ನೇರ ಉಜ್ಜಿದರೆ ಪ್ರಿಂಟ್ ಮೇಲೆ ಹೊಳಪಿನ ಗೆರೆ ಬೀಳುತ್ತೆ. ಕತ್ತರಿಸೋದು ಹೊಸ ಬ್ಲೇಡಿನಿಂದ, ಒಂದೊಂದೇ ಹಾಳೆ, ಹಗುರವಾಗಿ ಎರಡು ಮೂರು ಸಲ.

ಒಕ್ಕಣೆಯಲ್ಲಿ ಒಂದು ಎಚ್ಚರ. ಕ್ರಾಫರ್ಡ್ ಹಾಲ್‌ನಲ್ಲಿ ನಡೆಯೋ ಘಟಿಕೋತ್ಸವ ಸಮಾರಂಭಕ್ಕೆ ಕರೆಯೋದು ಮೈಸೂರು ವಿಶ್ವವಿದ್ಯಾಲಯ, ನಾವಲ್ಲ. ನಾವು ಕರೀತಿರೋದು ಊಟಕ್ಕೆ. ಒಂದೇ ಪತ್ರಿಕೆಯಲ್ಲಿ ಎರಡೂ ಜಾಗ ಬರೆದರೆ ಮಂಡ್ಯದ ದೊಡ್ಡಪ್ಪ ನೇರ ಹಾಲ್ ಬಾಗಿಲಿಗೇ ಹೋಗಿ ನಿಲ್ತಾರೆ! ಕುಲಾಧಿಪತಿಗಳಾದ ರಾಜ್ಯಪಾಲರ ಸಮಾರಂಭ ಅದು, ತಾರೀಖು ಹಿಂದೆಮುಂದೆ ಆಗಬಹುದು. ಘೋಷಣೆ ಆಗೋವರೆಗೆ ಪ್ರಿಂಟ್‌ಗೆ ಹೋಗಬೇಡ. ಊಟಕ್ಕೆ ಅದರ ನಂತರದ ಭಾನುವಾರ ಮಧ್ಯಾಹ್ನ 12.30 ಇರಲಿ. ಭಾನುವಾರದ ರಾಹುಕಾಲ ಸಂಜೆ 4.30ರ ಮೇಲೆ, ಅಜ್ಜಿಯ ತಕರಾರೂ ಇರೋಲ್ಲ. ವಿಶ್ವವಿದ್ಯಾಲಯದ ಗಂಡಭೇರುಂಡದ ಲಾಂಛನ ಮನೆ ಪತ್ರಿಕೆಗೆ ಬೇಡ. ಅವರ ಧ್ಯೇಯವಾಕ್ಯ 'ನ ಹಿ ಜ್ಞಾನೇನ ಸದೃಶಂ' ಗೀತೆಯ ಸಾಲು, ಬೇಕಾದರೆ ಹಾಕಿಕೋ.

ಮೂಲೆಗೆ ಅರಿಶಿನ ಹಚ್ಚೋದು ಅಮ್ಮನ ಕೆಲಸ, ಆದರೆ ನೀನೂ ಪಕ್ಕದಲ್ಲಿರು. ಅರಿಶಿನ ಗಟ್ಟಿಯಾಗಿ ಕಲಸಬೇಕು. ನೀರಾದರೆ, ಇಂಕ್‌ಜೆಟ್‌ನಲ್ಲಿ ಪ್ರಿಂಟ್ ಮಾಡಿಸಿದ್ದರೆ ಬಣ್ಣ ಹರಡುತ್ತೆ, ಕವರ್‌ಗೂ ಇಳಿಯುತ್ತೆ. ಹಚ್ಚಿದ ಮೇಲೆ ನೆರಳಲ್ಲೇ ಒಣಗಲಿ, ಬಿಸಿಲಿಗಿಟ್ಟರೆ ಅರಿಶಿನದ ಬಣ್ಣ ಬಿಳಿಚಿಕೊಳ್ಳುತ್ತೆ. ಪೂರ್ತಿ ಒಣಗಿದ ಮೇಲೆ ಕವರ್‌ಗೆ ಹಾಕು.

ಪಿಡಿಎಫ್ ಆದ ಕೂಡಲೇ ನನಗೊಂದು ಕಳಿಸು. ಹೆಸರುಗಳ ಇನಿಷಿಯಲ್ ಅಮ್ಮ ನೋಡ್ತಾಳೆ.

ಇಂತಿ,
ನಿನ್ನ ಅಪ್ಪ