ನನ್ನ ಹೆಸರು ಹಾಗೇ ಇರಲಿ, ಪುಟ್ಟಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಮನಸ್ಸಿನಲ್ಲೇ ಕೂತಿದೆ. ನೀನು ಪಾಸ್‌ಪೋರ್ಟ್ ಅರ್ಜಿ ತುಂಬುತ್ತಿದ್ದೆ. ತಾಯಿಯ ಹೆಸರು ಅನ್ನೋ ಕಡೆ ‘ಸಾಕಮ್ಮ’ ಅಂತ ಬರೆದೆ. ಪಕ್ಕದಲ್ಲಿದ್ದ ಗೆಳತಿ ಅರ್ಥ ಕೇಳಿದಳು, ನಿನಗೆ ಹೇಳೋಕೆ ನಾಚಿಕೆಯಾಯಿತು. ಆಮೇಲೆ ಮೆಲ್ಲಗೆ ಕೇಳಿದೆ, “ಅಮ್ಮಾ, ಅಫಿಡವಿಟ್ ಮಾಡಿಸಿ ಹೆಸರು ಬದಲಾಯಿಸಿಬಿಡೋಣ್ವಾ?” ಆಗ ನನಗೆ ಮಾತೇ ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಕೇಳಿದ್ದು ತಪ್ಪು ಅಂತ ಅಲ್ಲ.

ನಾನು ನಾಲ್ಕನೆಯವಳು. ಮೂರು ಹೆಣ್ಣಿನ ಮೇಲೆ ಇನ್ನೊಂದು ಹೆಣ್ಣು. ನನ್ನ ಅಪ್ಪನ ತಾಯಿ ಬಾಣಂತಿ ಕೋಣೆಯ ಒಳಗೂ ಬರಲಿಲ್ಲವಂತೆ. ಹೊಸಿಲ ಆಚೆಯೇ ನಿಂತು, “ಸಾಕಮ್ಮ ಅಂತ ಇಡಿ, ಹೆಣ್ಣು ಸಾಕು” ಅಂದರಂತೆ. ನಾಮಕರಣದ ದಿನ ಕಿವಿಯಲ್ಲಿ ಅದೇ ಹೆಸರನ್ನು ಮೂರು ಸಲ ಹೇಳಿದರು. ನಮ್ಮ ಊರಲ್ಲಿ ಇದೇನೂ ಹೊಸದಲ್ಲ. ನನ್ನ ಕ್ಲಾಸಿನಲ್ಲೇ ಇನ್ನೊಬ್ಬಳು ಸಾಕಮ್ಮ ಇದ್ದಳು. ಮೇಷ್ಟ್ರು ಹಾಜರಿ ಕೂಗುವಾಗ ಇಬ್ಬರೂ ತಲೆ ತಗ್ಗಿಸಿಯೇ ‘ಹಾಜರ್ ಸಾರ್’ ಅನ್ನುತ್ತಿದ್ದೆವು.

ಲೈಬ್ರರಿಯಲ್ಲಿ ಕೆಲಸ ಮಾಡಿದಷ್ಟು ವರ್ಷವೂ ಹೆಸರುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಯಾಕೆ ಅಂತ ನಿನಗೀಗ ಗೊತ್ತಾಗಿರಬೇಕು. ಕೇಳೋಕೆ ಚೆನ್ನಾಗಿಲ್ಲದ ಹೆಸರೆಲ್ಲ ಒಂದೇ ಥರ ಅಲ್ಲ ಅನ್ನೋದು ಹಾಗೆ ಓದ್ತಾ ಓದ್ತಾ ತಿಳಿಯಿತು. ನಮ್ಮ ಬೀದಿಯ ತಿಪ್ಪಮ್ಮಜ್ಜಿ ನೆನಪಿದ್ದಾರಾ? ಅವರಿಗಿಂತ ಮೊದಲು ಹುಟ್ಟಿದ ಮಕ್ಕಳು ಒಂದೂ ಉಳಿದಿರಲಿಲ್ಲ. ಇವರು ಹುಟ್ಟಿದ ಕೂಡಲೇ ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲಿಟ್ಟು, ಒಂದು ಗಳಿಗೆ ಬಿಟ್ಟು ಎತ್ತಿಕೊಂಡು ಬಂದರಂತೆ. ಯಾರೋ ಬಿಸಾಡಿದ ಮಗು ಇದು, ಸಾವು ಇದರ ಕಡೆ ಕಣ್ಣು ಹಾಕದಿರಲಿ ಅಂತ. ತಿಪ್ಪಯ್ಯ, ತಿಪ್ಪೇಸ್ವಾಮಿ ಅನ್ನೋ ಹೆಸರುಗಳ ಹಿಂದೆ ಎಷ್ಟೋ ಮನೆಗಳಲ್ಲಿ ಇಂಥದೇ ಕಥೆ ಇರುತ್ತದೆ.

ಇದು ನಮ್ಮ ಹಳ್ಳಿಯವರ ಮೂಢನಂಬಿಕೆ ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ಜಪಾನಿನ ತೊಯೊತೊಮಿ ಹಿದೆಯೋಶಿಯ ಬಗ್ಗೆ ಓದಿದೆ. ಇಡೀ ಜಪಾನನ್ನು ಕೈಯಲ್ಲಿ ಹಿಡಿದಿದ್ದವನು. ಬಹಳ ಕಾದ ಮೇಲೆ ಹುಟ್ಟಿದ ಮಗನನ್ನು ‘ಸುತೆ’ ಅಂತ ಕರೆದ. ಅಂದರೆ ಬಿಸಾಡಿದ್ದು. ಆ ಮಗು 1591ರಲ್ಲಿ ತೀರಿಕೊಂಡಿತು. 1593ರಲ್ಲಿ ಮತ್ತೊಬ್ಬ ಮಗ ಹುಟ್ಟಿದಾಗ ‘ಹಿರೋಯಿ’ ಅಂದ. ಹೆಕ್ಕಿಕೊಂಡಿದ್ದು ಅಂತ. ಅಷ್ಟು ದೊಡ್ಡ ದೊರೆಗೂ ತಿಪ್ಪಮ್ಮಜ್ಜಿಯ ಅಪ್ಪ ಅಮ್ಮನಿಗೂ ಅದೇ ಭಯ, ಅದೇ ಉಪಾಯ. ನೈಜೀರಿಯಾದ ಯೊರುಬಾ ಜನ ಹೀಗೆ ಮಕ್ಕಳನ್ನು ಕಳೆದುಕೊಂಡರೆ ಮುಂದಿನ ಮಗುವಿಗೆ ‘ಮಲೊಮೊ’ ಅಂತ ಹೆಸರಿಡುತ್ತಾರೆ. ‘ಮತ್ತೆ ಹೋಗಬೇಡ’ ಅಂತ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತುಬಿಟ್ಟಿದ್ದೆ.

ನನ್ನ ಹೆಸರು ಆ ಜಾತಿಯದಲ್ಲ. ಅದು ನನಗೆ ಗೊತ್ತು. ತಿಪ್ಪಮ್ಮ ಅನ್ನೋದು ಮಗು ಉಳಿಯಲಿ ಅಂತ ಇಟ್ಟ ಹೆಸರು, ಸಾಕಮ್ಮ ಅನ್ನೋದು ಇನ್ನು ಬರಬೇಡ ಅಂತ. ತಮಿಳುನಾಡಿನಲ್ಲಿ ಇದನ್ನೇ ‘ಪೋದುಂಪೊಣ್ಣು’ ಅನ್ನುತ್ತಾರೆ, ಸಾಕು ಹುಡುಗಿ ಅಂತ. ‘ವೇಂಡಾಂ’ ಅಂತಲೂ ಇಟ್ಟವರಿದ್ದಾರೆ, ಅಂದರೆ ‘ಬೇಡ’. ಚೀನಾದಲ್ಲಿ ‘ಲೈದಿ’ ಅಂದರೆ ತಮ್ಮ ಬರಲಿ. ಆ ಹುಡುಗಿಯ ಹೆಸರಿನಲ್ಲಿ ಅವಳೇ ಇಲ್ಲ, ಇನ್ನೂ ಹುಟ್ಟದ ತಮ್ಮ ಇದ್ದಾನೆ. ಇದು ನನಗೆ ಇವತ್ತಿಗೂ ಸಹಿಸೋಕಾಗದ ವಿಷಯ.

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಇಂಥ ಹುಡುಗಿಯರನ್ನು ‘ನಕುಸಾ’ ಅನ್ನುತ್ತಿದ್ದರು, ಬೇಡವಾದವಳು ಅಂತ. 2011ರ ಅಕ್ಟೋಬರ್‌ನಲ್ಲಿ ಅಲ್ಲಿನ ಜಿಲ್ಲಾ ಆಡಳಿತ ಒಂದು ಸಮಾರಂಭ ಮಾಡಿ 285 ಹುಡುಗಿಯರಿಗೆ ಹೊಸ ಹೆಸರು ಕೊಟ್ಟಿತು. ತಲೆ ಬಾಚಿ, ಜಡೆಗೆ ರಿಬ್ಬನ್ ಕಟ್ಟಿಕೊಂಡು ಸಾಲಾಗಿ ನಿಂತು ಹೊಸ ಹೆಸರಿನ ಪ್ರಮಾಣಪತ್ರ ತಗೊಂಡರು. ಆ ಸುದ್ದಿ ಓದಿ ನನಗೆ ತುಂಬ ಸಂತೋಷವಾಯಿತು. ಹತ್ತು ವರ್ಷದವಳಿದ್ದಾಗ ಯಾರಾದರೂ ಕೇಳಿದ್ದರೆ ನಾನೂ ಓಡಿ ಹೋಗಿ ಆ ಸಾಲಿನಲ್ಲಿ ನಿಲ್ಲುತ್ತಿದ್ದೆ.

ಈಗ ನಿಲ್ಲುವುದಿಲ್ಲ. ಅದಕ್ಕೆ ಕಾರಣ ನಿನ್ನ ಅಜ್ಜಿ, ನನ್ನ ಅವ್ವ. ಒಂದು ದಿನ ಸ್ಕೂಲಿನಿಂದ ಅಳುತ್ತಾ ಬಂದೆ. ಅವ್ವ ಕೊಟ್ಟಿಗೆಯಲ್ಲಿ ಕರುವಿಗೆ ಹುಲ್ಲು ಹಾಕುತ್ತಿದ್ದಳು. ಕೈ ಒರೆಸಿಕೊಳ್ಳದೆ ಹಾಗೇ ನನ್ನ ಕೆನ್ನೆ ಹಿಡಿದು ಹೇಳಿದಳು, “ಸಾಕು ಅಂದ್ರೆ ಅದೊಂದೇನಾ? ಈ ಕರು ಸಾಕ್ತಿದ್ದೀನಿ, ನಿನ್ನನ್ನ ಸಾಕ್ತಿದ್ದೀನಿ. ನೀನು ಸಾಕೋ ಅಮ್ಮ ಕಣೇ, ಸಾಕಮ್ಮ.” ಅವಳ ಕೈಯ ಹುಲ್ಲಿನ ವಾಸನೆ ಈಗಲೂ ಮೂಗಿಗೆ ಬರುತ್ತದೆ. ಓದು ಬರಹ ಬಾರದ ಹೆಂಗಸು, ಅತ್ತೆ ಕೊಟ್ಟ ಹೆಸರಿನ ಒಂದಕ್ಷರವೂ ಬದಲಾಯಿಸದೆ ಅದನ್ನು ನನಗಾಗಿ ಬೇರೆಯದೇ ಮಾಡಿಬಿಟ್ಟಳು.

ಕೊನೆಯ ವರ್ಷಗಳಲ್ಲಿ ಅವ್ವ ನಮ್ಮ ಮನೆಯಲ್ಲೇ ಇದ್ದದ್ದು ನೀನು ನೋಡಿದ್ದೀಯ. ನಾನು ರಾಗಿ ಗಂಜಿ ಕುಡಿಸುತ್ತಿದ್ದೆ. ಹೊಟ್ಟೆ ತುಂಬಿದಾಗ ನನ್ನ ಕೈ ಮುಟ್ಟಿ “ಸಾಕು” ಅನ್ನುತ್ತಿದ್ದಳು. ಅದು ಬೇಡ ಅನ್ನೋ ಸಾಕಲ್ಲ, ತುಂಬಿತು ಅನ್ನೋ ಸಾಕು.

ಬಸವನಗುಡಿಯಲ್ಲಿ ಸಾಕಮ್ಮ ಗಾರ್ಡನ್ ಅಂತ ಇದೆಯಲ್ಲ, ಅದು ಯಾರ ಹೆಸರು ಅಂತ ಗೆಳತಿಗೆ ಹೇಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕಾಫಿ ತೋಟ ನೋಡಿಕೊಂಡು, ಬೆಂಗಳೂರಿನಲ್ಲಿ ಕಾಫಿಪುಡಿ ಉದ್ಯಮ ಕಟ್ಟಿದವರು. ಊರೆಲ್ಲ ಅವರನ್ನು ‘ಕಾಫಿಪುಡಿ ಸಾಕಮ್ಮ’ ಅಂತಲೇ ಕರೆಯುತ್ತಿತ್ತು.

ಇನ್ನೊಂದು ಮಾತು. ನಿನ್ನ ಹೆಸರಿನ ಮುಂದೆ ಎರಡು ಇನಿಷಿಯಲ್ ಇವೆ. ಒಂದು ಊರಿನದು, ಒಂದು ಅಪ್ಪನದು. ನಮ್ಮ ಕಡೆ ಅಮ್ಮನ ಹೆಸರಿಗೆ ಅಲ್ಲಿ ಜಾಗ ಇಲ್ಲ. ನಿನ್ನ ಕಾಗದಪತ್ರದಲ್ಲಿ ನಾನು ಇರೋದು ಇಂಥ ಅರ್ಜಿಗಳ ಒಂದು ಸಾಲಿನಲ್ಲಿ ಮಾತ್ರ. ಅಲ್ಲಿ ಅವ್ವ ಕರೆದ ಹೆಸರೇ ಇರಲಿ. ಹೋದ ಸಲ ಯಾವುದೋ ಕಾರ್ಡಿನಲ್ಲಿ ‘ಸಕಮ್ಮ’ ಅಂತ ಅಚ್ಚಾಗಿ ಬಂದಿತ್ತು. ಈ ಸಲ ಕಳಿಸೋ ಮೊದಲು ಒಮ್ಮೆ ನೋಡು. ‘ಸಾ’ ದೀರ್ಘ.

ನಿನ್ನ ಅಮ್ಮ,
ಸಾಕಮ್ಮ