‘ಕಾಸಾಬ್ಲಾಂಕಾ’ ಅದೃಷ್ಟದ ಕೂಸಲ್ಲ

ಮಾನ್ಯ ಸಂಪಾದಕರೇ,

ಹಾಲಿವುಡ್‌ನ ಹಳೆಯ ಚಿತ್ರಗಳ ಕುರಿತು ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೊರಾಕೊದ ಕಾಸಾಬ್ಲಾಂಕಾ ನಗರದಲ್ಲಿ ನಡೆಯುವ ಕಥೆಯುಳ್ಳ ‘ಕಾಸಾಬ್ಲಾಂಕಾ’ ಚಿತ್ರದ ಬಗ್ಗೆ ಬರೆಯುವಾಗ ಲೇಖಕರು ಹಂಫ್ರಿ ಬೋಗಾರ್ಟ್ ಮತ್ತು ಇಂಗ್ರಿಡ್ ಬರ್ಗ್‌ಮನ್ ಅವರ ಅಭಿನಯವನ್ನೂ ಸಂಭಾಷಣೆಯನ್ನೂ ಸಂಗೀತವನ್ನೂ ಮನಸಾರೆ ಹೊಗಳಿದ್ದಾರೆ. ಆದರೆ ನಿರ್ದೇಶಕ ಮೈಕೆಲ್ ಕರ್ಟೀಜ್ ಅವರನ್ನು, ಸ್ಟುಡಿಯೊ ಒಪ್ಪಿಸಿದ ಕೆಲಸವನ್ನು ಮುಗಿಸಿಕೊಟ್ಟ ಸಂಬಳದ ನೌಕರರೆಂಬಂತೆ ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದಾರೆ. ಈ ಅಭಿಪ್ರಾಯ ಹೊಸದೇನಲ್ಲ. ನಿರ್ದೇಶಕನೇ ಚಿತ್ರದ ನಿಜವಾದ ಕರ್ತೃ ಎಂಬ ಸಿದ್ಧಾಂತವನ್ನು ಅಮೆರಿಕದಲ್ಲಿ ಪ್ರಚುರಪಡಿಸಿದ ವಿಮರ್ಶಕ ಆ್ಯಂಡ್ರೂ ಸ್ಯಾರಿಸ್ ಅವರು 1968ರ ತಮ್ಮ ಪುಸ್ತಕದಲ್ಲಿ ‘ಕಾಸಾಬ್ಲಾಂಕಾ’ವನ್ನು ಆ ಸಿದ್ಧಾಂತಕ್ಕೆ ದೊಡ್ಡ ಅಪವಾದವೆಂದು, ಒಂದು ಶುಭ ಆಕಸ್ಮಿಕವೆಂದು ಕರೆದಿದ್ದರು. ಆ ಚಿತ್ರವನ್ನು ಹಲವು ಸಲ ನೋಡಿರುವ ನಾನು ಈ ಮಾತನ್ನು ಒಪ್ಪಲಾರೆ.

ಕರ್ಟೀಜ್ ಹುಟ್ಟಿದ್ದು 1886ರಲ್ಲಿ, ಬುಡಾಪೆಸ್ಟ್‌ನ ಯಹೂದಿ ಮನೆತನವೊಂದರಲ್ಲಿ. ಹಂಗೇರಿಯ ಮೂಕಿಚಿತ್ರಗಳಲ್ಲಿ ಹೆಸರು ಮಾಡಿ, 1919ರ ರಾಜಕೀಯ ಕ್ಷೋಭೆಯಲ್ಲಿ ಊರು ಬಿಟ್ಟು ವಿಯೆನ್ನಾ ಸೇರಿ, ಅಲ್ಲಿ ಸಾವಿರಾರು ಜನರನ್ನು ಕೂಡಿಸಿ ಭಾರೀ ಚಿತ್ರಗಳನ್ನು ತೆಗೆದ ಅವರನ್ನು ವಾರ್ನರ್ ಸಹೋದರರು 1926ರಲ್ಲಿ ಅಮೆರಿಕಕ್ಕೆ ಕರೆಸಿಕೊಂಡರು. ಮುಂದಿನ ಕಾಲು ಶತಮಾನ ಅದೊಂದೇ ಸ್ಟುಡಿಯೊದಲ್ಲಿ ದುಡಿದು 80ಕ್ಕೂ ಹೆಚ್ಚು ಚಿತ್ರಗಳನ್ನು ಕೊಟ್ಟರು. ಯುರೋಪಿನವನ್ನೂ ಸೇರಿಸಿದರೆ ಒಟ್ಟು ಸಂಖ್ಯೆ 150ನ್ನು ಮೀರುತ್ತದೆ. 1938ರ ಒಂದೇ ವರ್ಷದಲ್ಲಿ ಅವರ ಹೆಸರಿನಲ್ಲಿ ಐದು ಚಿತ್ರಗಳು ತೆರೆಕಂಡವು. ಅವುಗಳಲ್ಲಿ ಎರಡಕ್ಕೆ ಅದೇ ವರ್ಷ ಉತ್ತಮ ನಿರ್ದೇಶಕ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ದೊರೆಯಿತು. ಎರಾಲ್ ಫ್ಲಿನ್ ಎಂಬ ಅಪರಿಚಿತ ತರುಣ ‘ಕ್ಯಾಪ್ಟನ್ ಬ್ಲಡ್’ ಚಿತ್ರದಿಂದ ತಾರೆಯಾದದ್ದು ಇವರ ಕೈಯಲ್ಲೇ. ಕಡಲ್ಗಳ್ಳರ ಕಥೆ, ಭಯಾನಕ ಚಿತ್ರ, ಅಪರಾಧ ಕಥೆ, ಸಂಗೀತಮಯ ಚಿತ್ರ, ಕೌಬಾಯ್ ಕಥೆ, ಯಾವುದನ್ನು ಒಪ್ಪಿಸಿದರೂ ಮಾಡಿದರು. ಇಷ್ಟೊಂದು ಬಗೆಯ ಚಿತ್ರಗಳನ್ನು ಮಾಡಿದವನಿಗೆ ತನ್ನದೇ ಆದ ಛಾಪು ಇರಲಾರದು ಎಂದು ಭಾವಿಸಿದ್ದೇ ವಿಮರ್ಶಕರ ತಪ್ಪೆಂದು ನನಗೆ ತೋರುತ್ತದೆ.

‘ಕಾಸಾಬ್ಲಾಂಕಾ’ವನ್ನು ನಾನು ಮೊದಲ ಸಲ ನೋಡಿದ್ದು ವಿದ್ಯಾರ್ಥಿಯಾಗಿದ್ದಾಗ, ಚಿತ್ರಸಮಾಜವೊಂದರ ಪ್ರದರ್ಶನದಲ್ಲಿ, ತಗಡಿನ ಕುರ್ಚಿಯ ಮೇಲೆ ಕುಳಿತು. ಅಂದು ಕಥೆಯಷ್ಟೇ ಕಂಡಿತ್ತು. ಕ್ಯಾಮೆರಾ ಮಾಡುವ ಕೆಲಸ ಕಣ್ಣಿಗೆ ಬಿದ್ದದ್ದು ಮೂರನೆಯದೋ ನಾಲ್ಕನೆಯದೋ ಸಲ ನೋಡಿದಾಗ. ಬೋಗಾರ್ಟ್ ನಟಿಸಿದ ನಾಯಕ ರಿಕ್‌ನ ಕೆಫೆಯ ಬಾಗಿಲಿನಿಂದ ಒಳಹೊಕ್ಕ ಕ್ಯಾಮೆರಾ ಮೇಜಿನಿಂದ ಮೇಜಿಗೆ ಸಾಗುತ್ತದೆ; ಒಡವೆ ಮಾರುವವರ, ಕಳ್ಳದಾರಿಯಲ್ಲಿ ದೇಶ ದಾಟಲು ಹವಣಿಸುವವರ ಮಾತಿನ ತುಣುಕುಗಳು ನಮ್ಮ ಕಿವಿಗೆ ಬೀಳುತ್ತವೆ. ನಾಯಕ ಮಾತ್ರ ಇನ್ನೂ ಕಾಣಿಸುವುದಿಲ್ಲ. ಮೊದಲು ಚೀಟಿಯೊಂದಕ್ಕೆ ಸಹಿ ಹಾಕುವ ಕೈ, ಆಮೇಲೆ ಒಬ್ಬನೇ ಆಡುತ್ತಿರುವ ಚದುರಂಗದ ಹಲಗೆ, ಮದ್ಯದ ಲೋಟ, ಸಿಗರೇಟು. ಕೊನೆಗೆ ಕ್ಯಾಮೆರಾ ಮೆಲ್ಲನೆ ಮೇಲೇರಿ ಮುಖವನ್ನು ತೋರಿಸುತ್ತದೆ. ಆ ಮನುಷ್ಯನ ಒಂಟಿತನ, ಅಧಿಕಾರ, ಬೇಸರ ಎಲ್ಲವೂ ಅವನು ಬಾಯಿ ತೆರೆಯುವ ಮೊದಲೇ ನಮಗೆ ತಿಳಿದಿರುತ್ತದೆ. ಸಂಭಾಷಣೆಯ ಗೆಲುವನ್ನು ಬರೆದವರಿಗೆ ಸಲ್ಲಿಸುವ ನಾವು ಇಂಥ ಗೆಲುವನ್ನು ಯಾರಿಗೆ ಸಲ್ಲಿಸಬೇಕು?

ಜರ್ಮನ್ ಅಧಿಕಾರಿಗಳು ಪಿಯಾನೊ ಸುತ್ತ ನಿಂತು ತಮ್ಮ ದೇಶಭಕ್ತಿಗೀತೆ ಹಾಡುವ, ಅದಕ್ಕೆ ಎದುರಾಗಿ ಕೆಫೆಯ ಜನರೆಲ್ಲ ಫ್ರಾನ್ಸಿನ ರಾಷ್ಟ್ರಗೀತೆಯನ್ನು ಎತ್ತಿಕೊಳ್ಳುವ ದೃಶ್ಯವನ್ನು ಲೇಖಕರು ಸರಿಯಾಗಿಯೇ ನೆನೆದಿದ್ದಾರೆ. ಅಲ್ಲಿ ವಾದ್ಯದವರು ನುಡಿಸುವ ಮುನ್ನ ಮಾಲೀಕ ರಿಕ್‌ನತ್ತ ನೋಡುತ್ತಾರೆ. ಅವನು ತುಸುವೇ ತಲೆಯಾಡಿಸುತ್ತಾನೆ. ಯಾರ ಗೊಡವೆಯೂ ತನಗೆ ಬೇಡವೆನ್ನುತ್ತಿದ್ದವನು ಪಕ್ಷ ವಹಿಸಿದ್ದು ಆ ಕ್ಷಣದಲ್ಲಿ, ಒಂದು ಮಾತೂ ಇಲ್ಲದೆ. ಕಣ್ಣೀರು ತುಂಬಿಕೊಂಡು ಹಾಡುವ ಯುವತಿಯಾಗಿ ನಟಿಸಿದ ಮ್ಯಾಡಲಿನ್ ಲೆಬೊ 1940ರಲ್ಲಿ ಜರ್ಮನರ ಪಡೆ ಬರುತ್ತಿದ್ದಂತೆ ಪ್ಯಾರಿಸ್ ಬಿಟ್ಟು ಓಡಿಬಂದವರು. ಚಿತ್ರದಲ್ಲಿ ನಾಜಿ ಮೇಜರನ ಪಾತ್ರ ವಹಿಸಿದ ಕಾನ್ರಾಡ್ ಫೈಟ್ ಕೂಡ ನಾಜಿಗಳ ಕಾರಣಕ್ಕೆ ಜರ್ಮನಿ ತೊರೆದವರು. ಇಂಥವರನ್ನು ಒಂದೇ ಸೆಟ್ಟಿನಲ್ಲಿ ನಿಲ್ಲಿಸಿ ದೃಶ್ಯ ಕಟ್ಟಿದ ನಿರ್ದೇಶಕರೂ ತಾಯ್ನೆಲ ಬಿಟ್ಟು ಬಂದವರು. ಯುರೋಪಿನಲ್ಲೇ ಉಳಿದ ಅವರ ಬಂಧುಗಳಲ್ಲಿ ಕೆಲವರು ಮುಂದೆ ನಾಜಿಗಳ ಆಶ್ವಿಟ್ಜ್ ಸಾವಿನ ಶಿಬಿರದ ಪಾಲಾದರು. ಆ ದೃಶ್ಯದ ತೀವ್ರತೆಯನ್ನು ಅದೃಷ್ಟವೆಂದು ಕರೆಯುವುದು ನನ್ನಿಂದಾಗದು.

ಚಿತ್ರೀಕರಣ ಆರಂಭವಾದಾಗ ಚಿತ್ರಕಥೆ ಪೂರ್ಣವಾಗಿರಲಿಲ್ಲ ಎಂಬುದನ್ನೇ ಆಕಸ್ಮಿಕದ ವಾದಕ್ಕೆ ಸಾಕ್ಷಿಯಾಗಿ ಒಡ್ಡುವವರಿದ್ದಾರೆ. ನನಗೆ ಅದು ತದ್ವಿರುದ್ಧದ ಸಾಕ್ಷಿಯಾಗಿ ಕಾಣುತ್ತದೆ. 1942ರ ಮೇ ತಿಂಗಳ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗೆ, ಹಾಳೆಗಳು ಕೈಸೇರುತ್ತಿದ್ದಂತೆ ಚಿತ್ರೀಕರಿಸುತ್ತ, ಮೊರಾಕೊದ ಮಣ್ಣನ್ನು ಮೆಟ್ಟದೆಯೇ ಆ ಊರನ್ನು ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿ ನಿಲ್ಲಿಸಬೇಕಾಗಿತ್ತು. ಕೊನೆಯ ದೃಶ್ಯದ ವಿಮಾನ ಚಿಕ್ಕ ಅಳತೆಯ ಒಂದು ಮಾದರಿ ಮಾತ್ರ. ಅದು ದೊಡ್ಡದಾಗಿ ಕಾಣಲೆಂದು ಗಿಡ್ಡ ದೇಹದವರನ್ನು ಮೆಕ್ಯಾನಿಕ್‌ಗಳನ್ನಾಗಿ ನಿಲ್ಲಿಸಿ, ಉಳಿದುದನ್ನು ಮಂಜಿನಲ್ಲಿ ಮುಚ್ಚಿದರು.

ಛಾಪಿನ ಮಾತಿಗೆ ಬಂದರೆ, ಗೋಡೆಯ ಮೇಲಿನ ನೆರಳೊಂದನ್ನೇ ಹಿಂಬಾಲಿಸಿದರೂ ಸಾಕು. ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಚಿತ್ರದ ಕತ್ತಿವರಸೆಯಲ್ಲಿ ಇಬ್ಬರು ಹೋರಾಟಗಾರರು ಕಣ್ಮರೆಯಾಗಿ, ಕಂಬದ ಮೇಲೆ ಅವರ ದೈತ್ಯಾಕಾರದ ನೆರಳುಗಳು ಮಾತ್ರ ಕಾದಾಡುತ್ತವೆ. ನಾಲ್ಕು ವರ್ಷಗಳ ನಂತರ ರಿಕ್ ತಿಜೋರಿ ತೆರೆಯುವುದನ್ನೂ ನಾವು ನೋಡುವುದು ಗೋಡೆಯ ಮೇಲಿನ ನೆರಳಿನಲ್ಲೇ. ಎರಡು ಚಿತ್ರಗಳ ಛಾಯಾಗ್ರಾಹಕರು ಬೇರೆ, ಬರಹಗಾರರು ಬೇರೆ; ಎರಡರಲ್ಲೂ ಇದ್ದ ಕಣ್ಣು ಕರ್ಟೀಜ್ ಅವರದು.

ಅವರನ್ನು ದೋಷವಿಲ್ಲದವರೆಂದು ನಾನು ಹೇಳುತ್ತಿಲ್ಲ. ಸೆಟ್ಟಿನಲ್ಲಿ ಅವರು ಸಿಡುಕಿನ ಮನುಷ್ಯ, ನಟರಿಗೆ ಕಠಿಣ. 1936ರ ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಚಿತ್ರದಲ್ಲಿ ಓಡುವ ಕುದುರೆಗಳನ್ನು ತಂತಿ ಕಟ್ಟಿ ಬೀಳಿಸಿದ್ದರಿಂದ ಹಲವು ಕುದುರೆಗಳು ಸತ್ತವು. ಆ ದೃಶ್ಯಗಳನ್ನು ತೆಗೆದದ್ದು ಬೇರೊಬ್ಬರ ಕೈಕೆಳಗಿನ ಎರಡನೆಯ ಚಿತ್ರೀಕರಣ ತಂಡವಾದರೂ ಚಿತ್ರದ ನಿರ್ದೇಶಕರು ಆ ಹೊಣೆಯಿಂದ ನುಣುಚಿಕೊಳ್ಳಲಾಗದು. ಚಿತ್ರದ ಕಳಂಕವನ್ನು ನಿರ್ದೇಶಕರ ಲೆಕ್ಕಕ್ಕೆ ಬರೆಯುವವರು ಅದರ ಹಿರಿಮೆಯನ್ನೂ ಅದೇ ಲೆಕ್ಕಕ್ಕೆ ಬರೆಯಬೇಕಲ್ಲವೇ?

1944ರ ಮಾರ್ಚ್‌ನಲ್ಲಿ ‘ಕಾಸಾಬ್ಲಾಂಕಾ’ಕ್ಕಾಗಿ ಕೊನೆಗೂ ಉತ್ತಮ ನಿರ್ದೇಶಕ ಆಸ್ಕರ್ ಬಂದಾಗ ಕರ್ಟೀಜ್ ತಮ್ಮ ಹರಕು ಇಂಗ್ಲಿಷಿನಲ್ಲಿ, ಹಿಂದೆ ಎಷ್ಟೋ ಸಲ ಭಾಷಣ ಸಿದ್ಧಮಾಡಿಕೊಂಡು ಬಂದು ನಿರಾಶನಾಗಿದ್ದೆ, ಈಗ ಗೆದ್ದಿದ್ದೇನೆ, ಭಾಷಣವೇ ಇಲ್ಲ ಎಂದರು. ಮರುವರ್ಷವೇ ತೆರೆಕಂಡ ಅವರ ‘ಮಿಲ್ಡ್ರೆಡ್ ಪಿಯರ್ಸ್’ ಜೋನ್ ಕ್ರಾಫರ್ಡ್ ಅವರಿಗೆ ಉತ್ತಮ ನಟಿ ಆಸ್ಕರ್ ತಂದುಕೊಟ್ಟಿತು. ತಮ್ಮ ಲೇಖನಮಾಲೆ ಮುಂದುವರಿಯುವುದಾದರೆ ಆ ಚಿತ್ರದ ಬಗ್ಗೆಯೂ ಒಂದು ಬರಹ ಬರಲಿ, ಅದರಲ್ಲಿ ಕರ್ಟೀಜ್ ಅವರ ಕೆಲಸಕ್ಕೆ ಒಂದು ವಾಕ್ಯಕ್ಕಿಂತ ಹೆಚ್ಚಿನ ಜಾಗ ಸಿಗಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗ, ಮೈಸೂರು